ದೊಡ್ಡ ಎನ್, ಚಿಕ್ಕ ಎನ್

ನನ್ನ ತಂಗಿಯ ಗಂಟಲಿನ ಶಕ್ತಿ ತಿಳಿಯಬೇಕಾದರೆ ಅವಳ ಪೀಜಿಯಲ್ಲಿ ಒಂದು ಬೆಳಿಗ್ಗೆ ಕಳೆಯಬೇಕಿತ್ತು. ಜ್ಞಾನಭಾರತಿ ಮೆಟ್ರೋ ಇಳಿದು ಒಳಗಿನ ಲೇಔಟಿಗೆ ನಡೆದರೆ ಸಿಗುವ ನಾಲ್ಕು ಮಹಡಿಯ ಕಟ್ಟಡ ಅದು. ಮೇಲೆಲ್ಲ ಓದುವ ಹುಡುಗಿಯರು. ನೆಲಮಹಡಿಯಲ್ಲಿ ತಂಗಿ ಮತ್ತು ಅವಳ ಗಂಡ, ಅಂದರೆ ಭಾವ, ಇರುವ ಮನೆ, ಅದಕ್ಕೆ ಅಂಟಿಕೊಂಡೇ ಪೀಜಿಯ ಅಡುಗೆಮನೆ. ಅದರ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ಅವಳು "ಅನ್ನ!" ಎಂದು ಒಂದು ಸಲ ಕೂಗಿದರೆ ಸಾಕು, ಮೇಲಿನ ಮಹಡಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಮಲಗಿದ್ದ ಹುಡುಗಿಯೂ ತಟ್ಟೆ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಒಂದು ಬೆಲ್ ಹಾಕಿಸು, ಇಲ್ಲ ಮೊಬೈಲಿನಲ್ಲಿ ಗ್ರೂಪ್ ಮಾಡು ಎಂದು ನಾನು ಎಷ್ಟೋ ಸಲ ಹೇಳಿದ್ದೆ. "ಬಾಯಿ ಯಾಕಿರೋದು ಹಂಗಾದ್ರೆ?" ಎನ್ನುತ್ತಿದ್ದಳು.

ಆ ಬಾಯಿಗೇ ಏಟು ಬಿತ್ತು. ಮೊದಲು ದನಿ ಒಡೆಯಿತು. ಕೂಗಿ ಕೂಗಿ ಹೀಗಾಗಿದೆ ಎಂದು ಮೆಣಸಿನ ಕಷಾಯ ಕುಡಿದಳು, ಉಪ್ಪುನೀರು ಮುಕ್ಕಳಿಸಿದಳು, ನಾನು ಜೋರಾಗಿ ಬೈದ ಮೇಲೆ ಡಾಕ್ಟರ ಹತ್ತಿರ ಹೋದಳು. ಅವರು ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು, ಅವರು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ, ಧ್ವನಿಪೆಟ್ಟಿಗೆಯಲ್ಲಿ ಗೆಡ್ಡೆ ಇದೆ, ಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು ಎಂದರು. ಜೀವಕ್ಕೆ ಭಯವಿಲ್ಲ, ಆದರೆ ದನಿ ಉಳಿಯುವುದಿಲ್ಲ. ಭಾವ "ಸರಿ ಸಾರ್, ಸರಿ ಸಾರ್" ಎಂದು ತಲೆಯಾಡಿಸುತ್ತಲೇ ಇದ್ದರು. ಅವರು ಸಂಕಟದಲ್ಲಿ ಹೀಗೆಯೇ, ಏನು ಹೇಳಿದರೂ ಸರಿ ಎನ್ನುತ್ತಾರೆ. ನನಗೋ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಗೊತ್ತಿರಲಿಲ್ಲ.

ಮಾತಿನ ತರಬೇತಿ ಕೊಡುವ ಹೆಣ್ಣುಮಗಳೊಬ್ಬಳು ಅಲ್ಲೇ ಒಂದು ಸಣ್ಣ ರೂಮಿನಲ್ಲಿ ಕೂರಿಸಿಕೊಂಡು ವಿವರಿಸಿದಳು. "ಆಪರೇಷನ್ ಆಗಿ ಗಾಯ ಮಾಗಿದ ಮೇಲೆ ಕುತ್ತಿಗೆಗೆ ಹಿಡಿದು ಮಾತಾಡೋ ಮಷೀನ್ ಕಲಿಸ್ತೀವಿ ಆಂಟಿ. ಆದ್ರೆ ಅದು ನಿಮ್ಮ ವಾಯ್ಸ್ ಆಗಿರಲ್ಲ. ಈಗ್ಲೇ ದಿನಾ ಆಡೋ ಮಾತುಗಳನ್ನ ರೆಕಾರ್ಡ್ ಮಾಡಿಟ್ಕೊಳ್ಳಿ. ಬಟನ್ ಒತ್ತಿದ್ರೆ ನಿಮ್ಮ ದನೀಲೇ ಕೇಳೋ ಹಂಗೆ ಯಾರ ಕೈಲಾದ್ರೂ ಮಾಡಿಸ್ಕೊಳ್ಳಿ."

ತಂಗಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಅಣ್ಣ ಇದಾನಲ್ಲ, ಅವನೇ ಮಾಡ್ತಾನೆ ಬಿಡಿ," ಎಂದಳು.

ಬೆಂಗಳೂರಿನಲ್ಲಿ ನನ್ನನ್ನು ಅಣ್ಣ ಎನ್ನುವವರಿಗೆ ಬರವಿಲ್ಲ. ಆಟೋದವನು ಅಣ್ಣ ಎನ್ನುತ್ತಾನೆ, ಸೊಪ್ಪಿನ ಗಾಡಿಯವಳು ಅಣ್ಣ ಎನ್ನುತ್ತಾಳೆ, ಮೆಟ್ರೋದಲ್ಲಿ ಜಾಗ ಬಿಡಿ ಎನ್ನಲೂ ಅಣ್ಣ ಎಂದೇ ಶುರುಮಾಡುತ್ತಾರೆ. ಈಚೆಗೆ ತಲೆ ನರೆತ ಮೇಲೆ ಅಂಕಲ್ ಆಗಿದ್ದೇನೆ, ಅದು ಬೇರೆ ಮಾತು. ಆದರೆ ನನ್ನನ್ನು ನಿಜವಾಗಿ ಅಣ್ಣ ಮಾಡಿದವಳು ಇವಳೊಬ್ಬಳೇ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ, ಮಗುವಾಗಿದ್ದಾಗಿನಿಂದ ನನ್ನನ್ನು ಕರೆಯುತ್ತ ಬಂದ ದನಿ ಎಂದು ಉಳಿದದ್ದೂ ಅದೊಂದೇ. ಇನ್ನು ಕೆಲವು ದಿನಕ್ಕೆ ಅದೂ ಇರುವುದಿಲ್ಲ ಎಂಬುದು ಆ ಸಣ್ಣ ರೂಮಿನಲ್ಲಿ ನನ್ನ ತಲೆಗೆ ಹೋಯಿತು. ಕಾಫಿ ತರುತ್ತೇನೆ ಎಂದು ಎದ್ದು ಹೊರಗೆ ಹೋದೆ.

ನನ್ನ ಕೆಲಸದ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ಮುಂದಿನ ಎಡವಟ್ಟು ಅಲ್ಲಿಂದಲೇ ಬಂತು. ನಾನು ರಾಜಾಜಿನಗರದ ಒಂದು ಪ್ರೆಸ್ಸಿಗೆ ಸೇರಿದ್ದು ಮದುವೆ ಪತ್ರಿಕೆ ಟೈಪ್ ಮಾಡಲು. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಿದವರಿಗೆಲ್ಲ ಒಂದು ಅಭ್ಯಾಸ ಬೆರಳಿಗೆ ಹತ್ತಿರುತ್ತದೆ. ಇಂಗ್ಲಿಷಿನ ಚಿಕ್ಕ ಎಲ್ ಎಂದರೆ ಲ, ದೊಡ್ಡ ಎಲ್ ಎಂದರೆ ಳ. ಚಿಕ್ಕ ಎನ್ ಎಂದರೆ ನ, ದೊಡ್ಡ ಎನ್ ಎಂದರೆ ಣ. ಚಿಕ್ಕ ಎ ಹ್ರಸ್ವ, ದೊಡ್ಡ ಎ ದೀರ್ಘ. ಕೀಲಿಮಣೆಯ ಮೇಲೆ ಶಿಫ್ಟ್ ಒತ್ತದಿದ್ದರೆ ನಮ್ಮ ಭಾಷೆಯಲ್ಲಿ ಅರ್ಧ ಅಕ್ಷರಗಳೇ ಇಲ್ಲ. ಆಮೇಲೆ ಪ್ರೆಸ್ಸಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಕೆಲಸ ನನ್ನ ಮೇಲೇ ಬಿತ್ತು. ವಿಂಡೋಸಿನ ಹಾಗೇ ಕಂಪ್ಯೂಟರು ನಡೆಸುವ ಲಿನಕ್ಸ್ ಕಲಿತೆ, ಬೇಸರದ ಕೆಲಸಗಳನ್ನು ತಾನೇ ಮಾಡುವಂಥ ಸ್ಕ್ರಿಪ್ಟ್ ಬರೆಯುವುದನ್ನು ಕಲಿತೆ. ಹುದ್ದೆ ಬದಲಾಯಿತು, ಬೆರಳಿನ ಅಭ್ಯಾಸ ಮಾತ್ರ ಹಾಗೇ ಉಳಿಯಿತು.

ಆಫೀಸಿನ ಲ್ಯಾಪ್‌ಟಾಪ್ ಹೊತ್ತುಕೊಂಡು ಅತ್ತಿಗುಪ್ಪೆಯ ನನ್ನ ಮನೆಯಿಂದ ದಿನಾ ಸಂಜೆ ಪೀಜಿಗೆ ಹೋದೆ. ಕಿಟಕಿಗೆ ಕೌದಿ ಕಟ್ಟಿದೆವು. ಆದರೂ ಪಕ್ಕದ ಕುಕ್ಕರಿನ ವಿಷಲ್ ಎಷ್ಟೋ ಮಾತುಗಳ ಹಿಂದೆ ಕೂತಿತು. ತಂಗಿಯ ದನಿ ಆಗಲೇ ಮಂಕಾಗಿತ್ತು, ಆದರೂ ಅವಳದೇ ಎಂದು ಯಾರೂ ಹೇಳಬಹುದಿತ್ತು. ನೀರು, ನೋವು, ಕಾಲು, ಮನೆ, ಸಾಕು, ಬೇಡ ಎಂದು ನಾನು ಆಸ್ಪತ್ರೆಯ ಮಾತುಗಳಿಂದ ಶುರುಮಾಡಿದರೆ ಅವಳಿಗೆ ರೇಗಿತು. "ನಾನೇನು ಜೀವನಪೂರ್ತಿ ಮಂಚದ ಮೇಲೇ ಇರ್ತೀನಾ? ಅಡುಗೆಮನೇದು ಹಾಕೋ ಮೊದ್ಲು," ಎಂದಳು. ಬೇಳೆ, ಕಾಳು, ಹಾಲು, ಮಣೆ ಎಂದು ಒಂದೊಂದಾಗಿ ಹೇಳುತ್ತಾ ಹೋದಳು. ತರಕಾರಿಯವನ ಹತ್ತಿರ ಕೇಳಲು ಬೆಲೆ. ಬೈಗುಳವೂ ಬೇಕು ಎಂದು ಹಟ ಹಿಡಿದು "ಹಾಳು!" ಎಂದು ಮೈಕಿಗೆ ಮುಖ ಕೊಟ್ಟು ಕಿರುಚಿದಳು. ಹಾಳು ನಲ್ಲಿ, ಹಾಳು ಕರೆಂಟು, ಹಾಳು ಹುಡ್ಗೀರು, ಎಲ್ಲದಕ್ಕೂ ಅವಳಿಗೆ ಆ ಒಂದು ಪದ ಬೇಕಿತ್ತು. "ಅನ್ನ" ಎನ್ನಲು ಮಾತ್ರ ಕುರ್ಚಿಯಲ್ಲಿ ಕೂತು ಆಗುವುದಿಲ್ಲ ಎಂದು ಎದ್ದು ನಿಂತು, ಸೊಂಟಕ್ಕೆ ಕೈಕೊಟ್ಟು, ನಾಲ್ಕು ಮಹಡಿಗೂ ಕೇಳುವ ಹಾಗೆ ಕೂಗಿದಳು. ಮೇಲಿನಿಂದ ಇಬ್ಬರು ಹುಡುಗಿಯರು ತಟ್ಟೆ ಹಿಡಿದು ಇಳಿದು ಬಂದೇಬಿಟ್ಟರು. ಊಟ ಇನ್ನೂ ಆಗಿಲ್ಲ ಎಂದು ಅವರನ್ನು ವಾಪಸು ಕಳಿಸಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವನ್ನು ನಾನು ರೆಕಾರ್ಡ್ ಮಾಡಿಕೊಳ್ಳಲಿಲ್ಲ. ಕೆಲಸದ ಮಾತಲ್ಲವಲ್ಲ ಎಂದುಕೊಂಡಿರಬೇಕು.

ಕಡೆಗೆ "ಅಣ್ಣ" ಎನ್ನು ಎಂದೆ.

"ನೀನು ಎದುರಿಗೇ ಕೂತಿದೀಯಲ್ಲೋ. ಇಲ್ಲೇ ಇರೋನನ್ನ ಹೆಂಗೆ ಕರೀಲಿ? ಹೊರಗೆ ಹೋಗು."

ರೆಕಾರ್ಡಿಂಗ್ ಒತ್ತಿ ಹೊರಗೆ ಹೋಗಿ ಮೆಟ್ಟಿಲಿನ ಮೇಲೆ ನಿಂತೆ. ಎಷ್ಟು ಹೊತ್ತಾದರೂ ಸದ್ದಿಲ್ಲ. ಇವಳು ಮೈಕ್ ಮುಂದೆ ನಾಚಿಕೊಂಡು ಕೂತಿದ್ದಾಳೆ ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ "ಅಣ್ಣಾ..." ಎಂದಳು. ಕೂಗಲಿಲ್ಲ. ಚಿಕ್ಕವಳಿದ್ದಾಗ ಕತ್ತಲೆಯಲ್ಲಿ ಬಚ್ಚಲಿಗೆ ಹೋಗಬೇಕಾದರೆ ಬಾಗಿಲ ಹತ್ತಿರ ನಿಂತು ಕರೆಯುತ್ತಿದ್ದಳಲ್ಲ, ಹಾಗೆ. ನಾನು ಮರೆತು "ಏನೇ?" ಎಂದು ಓಗೊಟ್ಟೆ. ಆ ನನ್ನ "ಏನೇ" ಕೂಡ ರೆಕಾರ್ಡ್ ಆಗಿಹೋಯಿತು. ಕತ್ತರಿಸಿ ಹಾಕುತ್ತೇನೆ ಎಂದಾಗ ಅವಳು ಬೇಡ ಎಂದಳು. "ಇರ್ಲಿ ಬಿಡು. ಕರೆದ್ರೆ ಓ ಅಂದಂಗಿರುತ್ತೆ."

ಈ ಧ್ವನಿಗಳಿಗೆಲ್ಲ ಒಂದೊಂದು ಫೈಲು, ಫೈಲಿಗೆ ಒಂದೊಂದು ಹೆಸರು. ಕನ್ನಡ ಅಕ್ಷರದಲ್ಲೇ ಹೆಸರಿಡಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು ಇನ್ನೊಂದು ಕಂಪ್ಯೂಟರಿಗೆ ಹೋದ ಕೂಡಲೇ ಚೌಕ ಚೌಕವಾಗಿ, ಪ್ರಶ್ನೆ ಚಿಹ್ನೆಗಳಾಗಿ ಬದಲಾಗುತ್ತಿದ್ದ ಕಾಲದಲ್ಲಿ ಪ್ರೆಸ್ಸಿನಲ್ಲಿ ದುಡಿದವನು ನಾನು. ಗಂಡಿನ ಹೆಸರಿನ ಜಾಗದಲ್ಲಿ ಚೌಕಗಳು ಬಂದು ಬೀಗರ ಕೈಲಿ ಬೈಸಿಕೊಂಡವನು. ಹಾಗಾಗಿ ಫೈಲಿಗೆ ಎಂದೂ ಇಂಗ್ಲಿಷ್ ಅಕ್ಷರವೇ, ಅದೂ ಬೆರಳಿಗೆ ರೂಢಿಯಾದ ಹಾಗೆ. ಬೆಲೆಗೆ bele, ಬೆಳೆಗೆ beLe, ಬೇಳೆಗೆ bELe. ಅನ್ನಕ್ಕೆ anna. ಅಣ್ಣನಿಗೆ aNNa. ಓದಿದರೆ ಬಾಯಲ್ಲಿ ಸರಿಯಾಗಿ ಹೊರಳುತ್ತದೆ, ಒಂದಕ್ಕೊಂದು ಬೆರೆಯುವ ಪ್ರಶ್ನೆಯೇ ಇಲ್ಲ ಎಂದುಕೊಂಡಿದ್ದೆ.

ತಂಗಿಯ ಹತ್ತಿರ ಇದ್ದದ್ದು ವಿಂಡೋಸ್ ಲ್ಯಾಪ್‌ಟಾಪ್. ತೆರೆಯ ಮೇಲೆ ಕನ್ನಡದಲ್ಲಿ ಬರೆದ ಗುಂಡಿಗಳು, ಒತ್ತಿದರೆ ಆ ಮಾತಿನ ಫೈಲು ನುಡಿಯಬೇಕು. ಇದಕ್ಕೆ ನಾನು ಬರೆದ ಸ್ಕ್ರಿಪ್ಟು ನನ್ನ ಲಿನಕ್ಸಿನಲ್ಲಿ ಚೆನ್ನಾಗಿ ಓಡಿತು, ಪರೀಕ್ಷೆಗೆಂದು ಕೆಲವು ಫೈಲುಗಳ ಜೊತೆ ಅವಳದಕ್ಕೆ ಹಾಕಿದ ಕೂಡಲೇ ಕೈಕೊಟ್ಟಿತು. ಫೈಲು ಎಲ್ಲಿದೆ ಎಂದು ಹೇಳುವ ವಿಳಾಸವನ್ನು ಇವೆರಡೂ ಬೇರೆ ಬೇರೆ ರೀತಿ ಬರೆಯುತ್ತವೆ. ಫೋಲ್ಡರಿಗೂ ಫೋಲ್ಡರಿಗೂ ನಡುವೆ ಹಾಕುವ ಓರೆಗೆರೆ ಲಿನಕ್ಸಿನಲ್ಲಿ ಒಂದು ಕಡೆಗೆ ವಾಲಿದ್ದರೆ ವಿಂಡೋಸಿನಲ್ಲಿ ಇನ್ನೊಂದು ಕಡೆಗೆ ವಾಲುತ್ತದೆ. ಆ ಹಿಂದಕ್ಕೆ ವಾಲಿದ ಗೆರೆಗೆ ಸ್ಕ್ರಿಪ್ಟಿನೊಳಗೆ ಬೇರೆಯೇ ಅರ್ಥವಿದೆ. ಅದರ ಮುಂದೆ ಎನ್ ಬಂದರೆ ಹೊಸ ಸಾಲು, ಟಿ ಬಂದರೆ ಖಾಲಿ ಜಾಗ. ನೀರಿನ ಫೈಲಿನ ಹೆಸರು nIru, ತಿಂಡಿಯದು tinDi. ಹಾಗಾಗಿ ನೀರು ಎಂದು ಒತ್ತಿದರೆ ಅದು ಸಾಲು ಮುರಿದುಕೊಂಡು ಕೂತಿತು, ತಿಂಡಿ ಎಂದರೆ ಖಾಲಿ ಜಾಗದಲ್ಲಿ ಹುಡುಕಿತು. ಊಟ, ಅಂದರೆ UTa, ಎಲ್ಲಕ್ಕಿಂತ ದೊಡ್ಡ ತಲೆನೋವು. ಗೆರೆಯ ಮುಂದೆ ದೊಡ್ಡ ಯು ನೋಡಿದ ಕೂಡಲೇ ಇಡೀ ಸ್ಕ್ರಿಪ್ಟೇ ಮುಷ್ಕರ ಹೂಡಿತು. "ಊಟದ ಹೆಸರೆತ್ತಿದ್ರೆ ಕೆಲ್ಸ ನಿಲ್ಸುತ್ತಾ? ಥೇಟ್ ನಮ್ಮ ಅಡುಗೆಯವನು," ಎಂದಳು ತಂಗಿ, ಇನ್ನೂ ಉಳಿದಿದ್ದ ಆ ಒಡಕು ದನಿಯಲ್ಲಿ.

ನಾನು ನಗಲಿಲ್ಲ. ನನಗೆ ಇಂಥವು ಮೈಯೆಲ್ಲ ಉರಿಸುತ್ತವೆ. ಗೆರೆಗಳನ್ನೆಲ್ಲ ಎರಡೂ ಕಡೆಗೆ ಒಪ್ಪುವ ಹಾಗೆ ತಿದ್ದಿದೆ. ನೀರು ಬಂತು, ತಿಂಡಿ ಬಂತು, ಊಟವೂ ಬಂತು. ಗೆದ್ದೆ ಎಂದು ಬೀಗಿದೆ. ಆಮೇಲೆ ಧ್ವನಿಗಳನ್ನೆಲ್ಲ ಪೆನ್‌ಡ್ರೈವಿಗೆ ಸಾಗಿಸಲು ಇನ್ನೊಂದು ಸ್ಕ್ರಿಪ್ಟ್ ಓಡಿಸಿ, ಅಲ್ಲಿಂದ ಅವಳ ಲ್ಯಾಪ್‌ಟಾಪಿಗೆ ಹಾಕಿದೆ. ಒಂದೇ ಒಂದು ಎರರ್ ಬರಲಿಲ್ಲ. ಒತ್ತಿ ನೋಡಿದೆ. ಯಾವುದನ್ನು ಒತ್ತಿ ನೋಡಿದೆ ಎಂದರೆ, ನೀರು, ತಿಂಡಿ, ಊಟ. ಹಿಂದೆ ಪೆಟ್ಟು ತಿಂದಲ್ಲೇ ಕೈ ಹೋಗುತ್ತದೆ. ಎಲ್ಲ ಸರಿಯಿತ್ತು.

ಅದೇ ವಾರ ಆಫೀಸಿನಲ್ಲಿ ಎಲ್ಲರಿಗೂ ಹೊಸ ಲ್ಯಾಪ್‌ಟಾಪ್ ಬಂದವು. ಹಳೆಯವುಗಳ ಒಳಗಿರುವುದನ್ನೆಲ್ಲ ಪೂರ್ತಿ ಒರೆಸಿ, ಕೊಳ್ಳುವವನಿಗೆ ಒಪ್ಪಿಸುವುದು ನನ್ನದೇ ಕೆಲಸ. ಎಲ್ಲವನ್ನೂ ಒರೆಸಿದೆ, ನನ್ನದನ್ನೂ ಒರೆಸಿದೆ. ಧ್ವನಿಗಳು ಹೇಗೂ ಪೆನ್‌ಡ್ರೈವಿನಲ್ಲಿ ಒಂದು, ತಂಗಿಯ ಹತ್ತಿರ ಒಂದು, ಎರಡೆರಡು ಕಡೆ ಇದ್ದವು.

ಆಪರೇಷನ್ ಆಯಿತು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಕುತ್ತಿಗೆಯ ಬುಡದಲ್ಲಿ ಒಂದು ತೂತು, ಉಸಿರೆಲ್ಲ ಅಲ್ಲಿಂದಲೇ. ಮೂಗಿನಿಂದ ಇಳಿಸಿದ ನಳಿಕೆಯಲ್ಲಿ ಊಟ, ಅದೂ ನೀರಾದದ್ದು. ಅವಳು ಬಾಯಿ ತೆರೆದು ಏನೋ ಹೇಳುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು, ಗಾಳಿಯ ಸದ್ದು ಕುತ್ತಿಗೆಯಿಂದ ಬರುತ್ತಿತ್ತು. ಪೀಜಿಯಲ್ಲಿ ಇವತ್ತಿನ ತಿಂಡಿ ಏನೆಂದು ಬರೆಯುವ ಬಿಳಿಹಲಗೆಯನ್ನು ಭಾವ ಆಸ್ಪತ್ರೆಗೆ ತಂದರು. ಅದರ ಮೂಲೆಯಲ್ಲಿ ಅಳಿಸದೆ ಉಳಿದಿದ್ದ ಉಪ್ಪಿಟ್ಟು ಎಂಬ ಪದದ ಪಕ್ಕದಲ್ಲಿ ಅವಳು ತನಗೆ ಬೇಕಾದ್ದನ್ನು ಬರೆದಳು. ಮನೆಗೆ ಹೋದರೆ ಸಾಕು, ನಿನ್ನ ದನಿ ಅಲ್ಲಿ ಕಾಯ್ತಾ ಇದೆ ಎಂದು ನಾನು ಹೇಳುತ್ತಿದ್ದೆ. ಧೈರ್ಯಕ್ಕೆ ಹೇಳಿದ ಮಾತಲ್ಲ, ನಂಬಿಯೇ ಹೇಳಿದೆ.

ಮನೆಗೆ ಬಂದ ದಿನ ಮಧ್ಯಾಹ್ನ ಮಂಚದ ಪಕ್ಕದಲ್ಲಿ ಸ್ಟೂಲಿಟ್ಟು ಲ್ಯಾಪ್‌ಟಾಪ್ ತೆರೆದೆ. ನಾನು ಹಿಂದೆ ಕಿಟಕಿಯ ಹತ್ತಿರ ನಿಂತೆ, ಭಾವ ಕಾಲ ಬುಡದಲ್ಲಿ ಕೂತರು. ಅವಳು ಗುಂಡಿಗಳನ್ನೆಲ್ಲ ಒಮ್ಮೆ ನೋಡಿದಳು. ಮೊದಲನೆಯದಾಗಿ ಏನನ್ನು ಒತ್ತಬೇಕೆಂದು ಆಸ್ಪತ್ರೆಯಲ್ಲೇ ನಿರ್ಧಾರ ಮಾಡಿದ್ದಳೋ ಏನೋ, ನನ್ನ ಕಡೆ ತಿರುಗಿ ನೋಡಿ ಒತ್ತಿದಳು.

"ಅನ್ನ!" ಎಂದು ಲ್ಯಾಪ್‌ಟಾಪ್ ಕೂಗಿತು.

ಭಾವ ಎದ್ದೇಬಿಟ್ಟರು. "ಅನ್ನ ಈಗ್ಲೇ ಕೊಡೋ ಹಂಗಿಲ್ಲ ಕಣೇ, ಡಾಕ್ಟ್ರು ಏನಂದ್ರು? ಗಾಯ ಮಾಗ್ಬೇಕು," ಎಂದು ಅವಳ ಕೈ ಹಿಡಿದರು. ಅವಳು ಕೈ ಕೊಡವಿ ಮತ್ತೆ ಒತ್ತಿದಳು. ಅನ್ನ! ನಾನು ಕಿಟಕಿಯಿಂದಲೇ "ಕನ್ನಡಕ ಹಾಕ್ಕೊಂಡು ಒತ್ತೇ, ಪಕ್ಕದ್ದು ಒತ್ತಿದೀಯ" ಎಂದು ರೇಗಿದೆ. ಅವಳು ಕನ್ನಡಕವನ್ನು ತೋರಿಸಿದಳು, ಮೂಗಿನ ಮೇಲೇ ಇತ್ತು. ಮತ್ತೆ ಒತ್ತಿದಳು. ಅನ್ನ, ಅನ್ನ, ಅನ್ನ ಎಂದು ಅವಳದೇ ತುಂಬು ದನಿ ಕೋಣೆಯಲ್ಲಿ ಮೊಳಗುತ್ತಿದ್ದರೆ ಅವಳು ಸದ್ದಿಲ್ಲದೆ ಅಳುತ್ತಿದ್ದಳು. ಹತ್ತಿರ ಹೋಗಿ ನೋಡಿದೆ. ಅವಳ ಬೆರಳಿದ್ದದ್ದು "ಅಣ್ಣ" ಎಂಬ ಗುಂಡಿಯ ಮೇಲೇ.

ಫೋಲ್ಡರ್ ತೆರೆದೆ. aNNa ಎಂಬ ಹೆಸರಿನ ಫೈಲು ಅಲ್ಲೇ ಇತ್ತು, ದೊಡ್ಡ ಎನ್‌ಗಳ ಸಮೇತ. ಒತ್ತಿದರೆ ಅನ್ನ. anna ಎಂಬುದು ಎಲ್ಲೂ ಇರಲಿಲ್ಲ. ಬೇಳೆ ಒತ್ತಿದೆ, "ಬೆಲೆ" ಎಂದಿತು. ಬೆಳೆ ಒತ್ತಿದರೂ ಬೆಲೆ. ಮಣೆ ಎಂದರೆ ಮನೆ, ಕಾಳು ಎಂದರೆ ಕಾಲು. ಹಾಳು ಎಂದು ಒತ್ತಿದರೆ ಬಲು ವಿನಯದಿಂದ "ಹಾಲು" ಎಂದಿತು.

ವಿಂಡೋಸಿಗೆ ದೊಡ್ಡ ಎನ್ ಮತ್ತು ಚಿಕ್ಕ ಎನ್ ಎರಡೂ ಒಂದೇ. ನಮ್ಮ ಅಂಗಡಿಗಳಲ್ಲಿ ಸಿಗುವ ಪೆನ್‌ಡ್ರೈವಿಗೂ ಒಂದೇ. ಲಿನಕ್ಸಿನಲ್ಲಿ ಅವು ಬೇರೆ ಬೇರೆ ಫೈಲು. ನನ್ನ ಸ್ಕ್ರಿಪ್ಟು ಮೊದಲು aNNa ತೆಗೆದುಕೊಂಡು ಹೋಗಿ ಪೆನ್‌ಡ್ರೈವಿನಲ್ಲಿ ಇಟ್ಟಿದೆ. ಆಮೇಲೆ anna ಹೊತ್ತುಕೊಂಡು ಹೋಗಿದೆ. ಆ ಹೆಸರಿನವರು ಇಲ್ಲಿ ಆಗಲೇ ಇದ್ದಾರೆ ಎಂದು ಪೆನ್‌ಡ್ರೈವ್ ಬಾಗಿಲ ಮೇಲಿನ ಹಳೆಯ ಹೆಸರನ್ನು ಹಾಗೇ ಬಿಟ್ಟು, ಒಳಗಿದ್ದವರನ್ನು ಹೊರಹಾಕಿ, ಹೊಸಬರನ್ನು ಕೂರಿಸಿದೆ. ಯಾರಿಗೂ ಒಂದು ಮಾತು ಹೇಳಿಲ್ಲ. ಸಾಲಿನಲ್ಲಿ ದೊಡ್ಡಕ್ಷರದವರು ಮೊದಲು, ಚಿಕ್ಕಕ್ಷರದವರು ಆಮೇಲೆ. ಹಾಗಾಗಿ ಜೋಡಿ ಇದ್ದಲ್ಲೆಲ್ಲ ಳ ಹೋಗಿ ಲ ಉಳಿದಿದೆ, ಣ ಹೋಗಿ ನ ಉಳಿದಿದೆ. ಇಂಗ್ಲಿಷಿನವರಿಗೆ ಇದರಿಂದ ಏನೂ ನಷ್ಟವಿಲ್ಲ. ಒಂದೇ ಪದವನ್ನು ದೊಡ್ಡಕ್ಷರದಲ್ಲಿ ಬರೆದರೆ ಅವರಿಗೆ ಅನ್ನ ಹೋಗಿ ಅಣ್ಣ ಆಗುವುದಿಲ್ಲ. ಶಿಫ್ಟ್ ಒತ್ತಿ ಒತ್ತಿ ಕನ್ನಡವನ್ನು ಕಂಪ್ಯೂಟರಿಗೆ ಹತ್ತಿಸಿದ ನಮ್ಮಂಥವರ ಮನೆಯಲ್ಲಿ ಮಾತ್ರ ಇದು ಆಗಬಲ್ಲದು. ಈ ಎರಡು ವ್ಯವಸ್ಥೆಗಳ ವ್ಯತ್ಯಾಸ ನನಗೆ ಗೊತ್ತಿಲ್ಲದ್ದೇನಲ್ಲ, ಪ್ರೆಸ್ಸಿನ ಹುಡುಗರಿಗೆ ನಾನೇ ಎಷ್ಟು ಸಲ ಹೇಳಿಕೊಟ್ಟಿದ್ದೆ! ವಿಳಾಸದ ಗೆರೆ ತಿದ್ದುವುದರಲ್ಲಿ ಮೈಮರೆತು ಹೆಸರು ನೋಡಲಿಲ್ಲ.

ಭಾವನಿಗೆ ವಿವರಿಸಿದೆ. ಅವರು "ಸರಿ ಭಾವ, ಸರಿ ಭಾವ" ಎಂದರು. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. "ಹಂಗಾದ್ರೆ ನಿಮ್ಮ ಆಫೀಸಿನ ಹಳೇದ್ರಲ್ಲಿ ಇರುತ್ತಲ್ಲ?" ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ.

ಹಳೆಯ ಲ್ಯಾಪ್‌ಟಾಪ್ ಯಾರಿಗೆ ಹೋಯಿತೆಂದು ವಿಚಾರಿಸಿ, ಕೊಂಡವನ ಗೋಡೌನಿಗೂ ಹೋದೆ, ಅದಾಗಲೇ ಮಾರಿಹೋಗಿತ್ತು. ಇದ್ದಿದ್ದರೂ ಪ್ರಯೋಜನವಿರಲಿಲ್ಲ, ಒರೆಸಿದವನು ನಾನೇ, ನಾನು ಒರೆಸಿದರೆ ಏನೂ ಉಳಿಯುವುದಿಲ್ಲ ಎಂದು ಆಫೀಸಿನಲ್ಲಿ ಹೆಸರು ಬೇರೆ. ಪೆನ್‌ಡ್ರೈವಿನಿಂದ ಅಳಿದದ್ದನ್ನು ಎತ್ತುವ ಉಪಾಯಗಳನ್ನೆಲ್ಲ ಮಾಡಿದೆ. ಒಂದು ಚೂರು ಸಿಕ್ಕಿತು. ಉಸಿರು ಕಟ್ಟಿಕೊಂಡು ಕೇಳಿದರೆ ಕುಕ್ಕರಿನ ವಿಷಲ್, ಆಮೇಲೆ ಕರಕರ ಸದ್ದು. ಕೆಲವು ದಿನ ಯಾರ ಮೇಲಾದರೂ ಹರಿಹಾಯುತ್ತಿದ್ದೆ. ಮೆಟ್ರೋದಲ್ಲಿ ಯಾರೋ "ಅಣ್ಣ, ಸ್ವಲ್ಪ ಸರೀರಿ" ಎಂದರೆ ಆ ಪದ ಕೇಳಿ ಹೊಟ್ಟೆ ಉರಿಯುತ್ತಿತ್ತು. ಊರಿಗೆಲ್ಲ ಅದು ಇಷ್ಟು ಅಗ್ಗವಾಗಿ ಸಿಗುತ್ತಿದೆ, ನನ್ನ ತಂಗಿಗೆ ಮಾತ್ರ ಇಲ್ಲ.

ಕೊನೆಗೆ ಅವಳ ಮೊಬೈಲ್ ಹಿಡಿದು ಕೂತೆ. ಅವಳಿಗೆ ವಾಯ್ಸ್ ಮೆಸೇಜ್ ಎಂದರೆ ಆಗದು, ಏನಿದ್ದರೂ ನೇರ ಫೋನು. ಆದರೂ ಹುಡುಕುತ್ತಾ ಹೋದಾಗ ಫೋನೇ ಎತ್ತದ ಗ್ಯಾಸ್ ಸಿಲಿಂಡರಿನವನಿಗೆ ಕಳಿಸಿದ ಒಂದು ಸಿಕ್ಕಿತು. "ಅಣ್ಣ, ಸಿಲಿಂಡರ್ ಕಳ್ಸಿ ಬೇಗ, ಹುಡ್ಗೀರು ಕಾಯ್ತಾ ಇದಾರೆ." ದನಿ ಒಡೆಯುವ ಮುಂಚಿನದು, ಶುದ್ಧವಾಗಿತ್ತು. ನನಗೆ ನಿಧಿ ಸಿಕ್ಕಿದಷ್ಟು ಸಂತೋಷವಾಯಿತು. ಮೊದಲನೆಯ ಪದವನ್ನು ನಾಜೂಕಾಗಿ ಕತ್ತರಿಸಿದೆ. ಈ ಸಲ ಎಲ್ಲ ಫೈಲುಗಳಿಗೂ ಚಿಕ್ಕಕ್ಷರದಲ್ಲೇ, ಜೋಡಿಗಳಿಗೆ ಬೇರೆ ಬೇರೆ ಗುರುತು ಸೇರಿಸಿ ಹೆಸರಿಟ್ಟೆ. ಅಣ್ಣ ಗುಂಡಿಗೆ ಇದನ್ನು ಜೋಡಿಸಿ ಅವಳ ಮುಂದಿಟ್ಟು, ಒತ್ತು ಎಂದೆ.

"ಅಣ್ಣ," ಎಂದಿತು.

ಅವಳು ತಲೆ ಓರೆ ಮಾಡಿ ಕೇಳಿದಳು. ಇನ್ನೊಮ್ಮೆ ಒತ್ತಿದಳು. ಆಮೇಲೆ ಬಿಳಿಹಲಗೆ ಎಳೆದುಕೊಂಡು ಬರೆದಳು. "ಇದು ಗ್ಯಾಸ್ ಅಣ್ಣಂಗೆ. ನಿಂಗಲ್ಲ."

"ಪದ ಒಂದೇ ಅಲ್ವೇನೇ? ನಿನ್ನದೇ ದನಿ. ಇಷ್ಟು ಕಷ್ಟಪಟ್ಟು ಹುಡುಕಿದೀನಿ!" ನನ್ನ ದನಿ ಏರಿತು. ಕಾಯಿಲೆಯವಳ ಮುಂದೆ ಕೂಗಾಡುತ್ತಿದ್ದೇನೆ ಎಂಬ ಪ್ರಜ್ಞೆಯೂ ಇರಲಿಲ್ಲ. ಅವಳು ಹಲಗೆ ಒರೆಸಿ ಇನ್ನೊಂದು ಸಲ ಅದನ್ನೇ ಬರೆದಳು, ಈ ಸಲ "ನಿಂಗಲ್ಲ" ಎಂಬುದರ ಕೆಳಗೆ ಗೆರೆ ಎಳೆದಳು. ಹಳೆಯದನ್ನೇ ಹಾಕು ಎಂದು ಕೈಸನ್ನೆ ಮಾಡಿದಳು. ಹಳೆಯದು ಎಂದರೆ ಅನ್ನ ಎನ್ನುವುದು.

"ಹಾಳಾಗ್ಹೋಗ್ಲಿ," ಎಂದು ಬೈದುಕೊಂಡೇ ಹಳೆಯದನ್ನು ಹಾಕಿದೆ. ಆ ಬೈಗುಳವನ್ನಾದರೂ ಅವಳ ಬದಲು ನಾನು ಆಡಬಲ್ಲೆನಲ್ಲ. ಎರಡೂ ಗುಂಡಿ ಒಂದೇ ಮಾತಾಡುವುದು ಯಾವ ಸೀಮೆಯ ಕೆಲಸ ಎಂದು ಗೊಣಗುತ್ತಾ ಚೀಲ ಎತ್ತಿಕೊಂಡೆ. ಭಾವ ಕಾಫಿ ಕುಡಿದು ಹೋಗಿ ಎಂದರು, ನಿಲ್ಲಲಿಲ್ಲ. ಸೋತಿದ್ದೆ. ಆ ದನಿಯನ್ನು ನನ್ನ ಕೈಗೆ ಕೊಟ್ಟಿದ್ದಳು, ನಾನು ಕಾಪಾಡಲಿಲ್ಲ, ಬದಲಿಗೆ ತಂದದ್ದು ಅವಳಿಗೆ ಬೇಕಿಲ್ಲ. ಕಣ್ಣು ಮಂಜಾಗಿ ಹೊರಗಿನ ಮೆಟ್ಟಿಲ ಹತ್ತಿರ ಕಂಬಿ ಹಿಡಿದು ನಿಂತೆ.

ಒಳಗಿನಿಂದ "ಅನ್ನ!" ಎಂಬ ಕೂಗು ಬಂತು.

ಮೇಲೆ ಎಲ್ಲೋ ಬಾಗಿಲು ತೆರೆದ ಸದ್ದಾಯಿತು. ಒಬ್ಬ ಹುಡುಗಿ ಕಂಬಿಯಿಂದ ಬಗ್ಗಿ, "ಊಟ ಆಯ್ತಾ ಅಂಕಲ್? ಇಷ್ಟ್ ಬೇಗ?" ಎಂದು ಕೇಳಿದಳು. ಒಳಗೆ ಭಾವ, "ಅನ್ನ ಈಗ ಬೇಡ ಕಣೇ, ಇನ್ನೊಂದು ವಾರ ತಡ್ಕೋ" ಎಂದು ಸಮಾಧಾನ ಮಾಡುತ್ತಿದ್ದುದು ಕೇಳಿಸಿತು. ಮತ್ತೆ ಕೂಗು ಬಂತು. ಅನ್ನ! ಸ್ವಲ್ಪ ಬಿಟ್ಟು ಇನ್ನೊಂದು ಸಲ. ಇಡೀ ಕಟ್ಟಡವನ್ನು ಊಟಕ್ಕೆ ಎಬ್ಬಿಸುವ ಆ ದನಿ ಇಡೀ ಕಟ್ಟಡದಲ್ಲಿ ಒಬ್ಬನನ್ನೇ ಕರೆಯುತ್ತಿತ್ತು. ನಾನು ಮೊದಲ ಸಲ ರೆಕಾರ್ಡಿಂಗಿಗೆ ನಿಂತಿದ್ದ ಮೆಟ್ಟಿಲೂ ಅದೇ.

"ಏನೇ?" ಎಂದೆ.

ಒಳಗೆ ಹೋದರೆ ಅವಳು ಕುರ್ಚಿಯ ಕಡೆ ಬೆರಳು ತೋರಿಸಿದಳು. ಅದಕ್ಕೆ ತೂಗುಹಾಕಿದ್ದ ಕೊಡೆ ಮರೆತು ಹೊರಟಿದ್ದೆ.